ಮೊದಲು ನಲ್ಲಿ ತಿರುಗಿಸಿ ನೋಡಿ

ಬೀರೂರಿನಲ್ಲಿ ನನ್ನದೊಂದು ಹಳೇ ಹಂಚಿನ ಮನೆ ಇದೆ, ಸ್ಟೇಷನ್ನಿಗೆ ನಡೆದೇ ಹೋಗುವಷ್ಟು ದೂರದಲ್ಲಿ. ಕೆಲವು ವರ್ಷಗಳ ಹಿಂದೆ ಅದು ಮೂರು ತಿಂಗಳು ಖಾಲಿ ಬಿತ್ತು. ಯಾಕೋ ಯಾರೂ ಒಪ್ಪುತ್ತಿಲ್ಲವಲ್ಲ ಎಂದು ನಡುಮನೆಗೆ ಟೈಲ್ಸ್ ಹಾಕಿಸಿದೆ, ಗೋಡೆಗೆ ತಿಳಿಹಳದಿ ಬಣ್ಣ ಹೊಡೆಸಿದೆ. ಮುಂದಿನ ಭಾನುವಾರ ಒಂದು ಸಂಸಾರ ಮನೆ ನೋಡಲು ಬಂತು. ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಎರಡು ಮಕ್ಕಳು. ನಾನು ಟೈಲ್ಸ್ ತೋರಿಸುವ ಹುಮ್ಮಸ್ಸಿನಲ್ಲಿದ್ದರೆ ಆ ಹೆಣ್ಣುಮಗಳು ನೆಟ್ಟಗೆ ಹಿತ್ತಲಿಗೆ ನಡೆದಳು. ನಲ್ಲಿ ತಿರುಗಿಸಿದಳು. ಬುಸ್ ಎಂದು ಗಾಳಿ ಬಂತು. ‘ಅಣ್ಣಾ, ಪುರಸಭೆ ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ?’ ಎಂದಳು. ನಾನು ಸರಿಯಾಗಿ ಉತ್ತರ ಹೇಳುವ ಮೊದಲೇ ‘ಬಟ್ಟೆ ಒಗಿಯೋ ಕಲ್ಲೆಲ್ಲಿ?’ ಎಂದಳು. ಕಲ್ಲೇನೋ ಇತ್ತು. ಟೈಲ್ಸ್ ಕೆಲಸದವರು ಅದನ್ನು ಕಿತ್ತು ಕಾಂಪೌಂಡಿಗೆ ಒರಗಿಸಿ ಹೋಗಿದ್ದರು. ಗಂಡ ಅಷ್ಟರಲ್ಲಿ ಬೈಕು ಒಳಗೆ ಬರುತ್ತದೋ ಇಲ್ಲವೋ ಎಂದು ಗೇಟಿನ ಅಗಲವನ್ನು ಗೇಣು ಹಾಕಿ ಅಳೆಯುತ್ತಿದ್ದ. ನನ್ನ ಟೈಲ್ಸಿನ ಮೇಲೆ ಇಬ್ಬರೂ ಚಪ್ಪಲಿ ಬಿಟ್ಟು ನಡೆದರು, ಅದೇ ಅದಕ್ಕೆ ಸಂದ ಗೌರವ. ‘ಕಲ್ಲು ಕೂರಿಸ್ಕೊಡಿ, ಮೇಲೊಂದು ಸಿಂಟೆಕ್ಸ್ ಇಡ್ಸಿ, ಒಂದನೇ ತಾರೀಕು ಬರ್ತೀವಿ’ ಎಂದು ಹೇಳಿ ಹೋದರು.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಜನರ ಆಸ್ತಿಪತ್ರ ನೋಡಿ ಸಾಲ ಕೊಟ್ಟವನು ನಾನು. ಆದರೂ ಒಂದು ಮನೆಗೆ ಬೆಲೆ ಎಲ್ಲಿಂದ ಬರುತ್ತದೆ ಎಂಬುದನ್ನು ಅವಳು ಹತ್ತು ನಿಮಿಷದಲ್ಲಿ ಹೇಳಿಕೊಟ್ಟಳು ಅನ್ನಿಸಿತು. ಈ ಅಂಕಣ ಶುರುವಾದಾಗಿನಿಂದ ನನಗೆ ಅತಿ ಹೆಚ್ಚು ಬರುವ ಫೋನು ಒಂದೇ ತರಹದ್ದು. ‘ಸಾರ್, ಕೈಯಲ್ಲಿ ಹತ್ತು ಹನ್ನೆರಡು ಲಕ್ಷ ಇದೆ. ಕಡೂರಲ್ಲಿ ಸೈಟು ತಗೊಳ್ಳಲಾ? ತರೀಕೆರೆ ಕಡೆ ತೋಟ ಹಿಡಿಯಲಾ? ಅಜ್ಜಂಪುರ ತಾಲ್ಲೂಕಾಯ್ತಲ್ಲ, ಅಲ್ಲೊಂದು ಮಳಿಗೆ?’ ಕೇಳುವವರಲ್ಲಿ ಮೇಷ್ಟ್ರಿದ್ದಾರೆ, ಅಡಿಕೆ ಮಾರಿದ ದುಡ್ಡು ಇಟ್ಟುಕೊಂಡವರಿದ್ದಾರೆ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಊರಲ್ಲಿ ಏನಾದರೂ ಇರಲಿ ಅನ್ನುವ ಹುಡುಗರಿದ್ದಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ. ಮುಂದಿನ ತಿಂಗಳು ಯಾರಾದರೂ ಬಂದು ವಾಸ ಮಾಡಲು ಒಪ್ಪುವ ಜಾಗವಾದರೆ ಕೊಳ್ಳಿ. ಹತ್ತು ವರ್ಷಕ್ಕೆ ಬೆಲೆ ಏರುತ್ತದೆ ಎಂಬ ಒಂದೇ ಕಾರಣಕ್ಕೆ ಕೊಳ್ಳಬೇಡಿ. ಕೊಳ್ಳುವವನ ಕಣ್ಣು ಬ್ರೋಷರಿನ ಮೇಲಿರುತ್ತದೆ, ಬಾಡಿಗೆಗೆ ಬರುವವರ ಕಣ್ಣು ನಲ್ಲಿಯ ಮೇಲೆ. ನೀವು ಎರಡನೆಯವರ ಕಣ್ಣನ್ನು ಸಾಲ ತಂದುಕೊಳ್ಳಬೇಕು.

ಇದನ್ನು ನಾನು ಬುದ್ಧಿವಂತಿಕೆಯಿಂದ ಕಲಿತದ್ದಲ್ಲ, ಕೈ ಸುಟ್ಟುಕೊಂಡು ಕಲಿತದ್ದು. ನನ್ನ ಮೊದಲ ಸೈಟು ಕೊಂಡದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಊರ ಹೊರಗೆ, ಒಂದು ಕೆರೆಯ ಏರಿಯಿಂದ ಸ್ವಲ್ಪ ಕೆಳಗೆ, ಕಲ್ಲುಕಂಬ ನೆಟ್ಟು ಸುಣ್ಣ ಬಳಿದ ಬಡಾವಣೆ. ನೆಲ ಕಾದು ಬಿರುಕು ಬಿಟ್ಟಿತ್ತು. ಕಡೂರು ಸೀಮೆಯ ಬರ ಗೊತ್ತಲ್ಲ, ಆ ಕೆರೆ ತುಂಬಿದ್ದನ್ನು ನೋಡಿದ ನೆನಪು ಅಲ್ಲಿನ ಹುಡುಗರಿಗೆ ಇರಲೇ ಇಲ್ಲ. ಮೇಕೆ ಮೇಯಿಸುತ್ತಿದ್ದ ಒಬ್ಬ ಮುದುಕ ಮಾತ್ರ ‘ಇದು ಕೋಡಿ ಹಳ್ಳ ಅಲ್ವೇನಪ್ಪ, ನಮ್ಮಪ್ಪನ ಕಾಲ್ದಲ್ಲಿ ಹರೀತಿತ್ತು’ ಎಂದ. ನಾನು ನಕ್ಕೆ. ಹನ್ನೊಂದು ವರ್ಷ ಅಜ್ಜ ಸುಳ್ಳಾದ. ಹನ್ನೆರಡನೇ ವರ್ಷ ಮಳೆ ಹಿಡಿಯಿತು, ಕೆರೆ ಕೋಡಿ ಬಿತ್ತು, ನೀರು ತನ್ನ ಹಳೇ ದಾರಿ ಮರೆತಿರಲಿಲ್ಲ. ನನ್ನ ಮೂವತ್ತು ನಲವತ್ತರ ಸೈಟಿನ ಮೂಲೆಗಲ್ಲುಗಳಲ್ಲಿ ಎರಡು ಇವತ್ತಿಗೂ ಸಿಕ್ಕಿಲ್ಲ. ಗ್ರಾಮನಕ್ಷೆ ತೆಗೆಸಿ ನೋಡಿದರೆ ಹಳ್ಳದ ಗೆರೆ ಸ್ಪಷ್ಟವಾಗಿಯೇ ಇತ್ತು. ಈಗ ದಿಶಾಂಕ್ ಆ್ಯಪ್ ಇದೆ, ಜಾಗದಲ್ಲಿ ನಿಂತು ಮೊಬೈಲ್ ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ಕಾಣುತ್ತದೆ. ಜಾಗ ನೋಡಲು ಹೋಗುವುದಾದರೆ ಆಗಸ್ಟ್ ಸೆಪ್ಟೆಂಬರಿನಲ್ಲಿ, ಮಳೆ ನಿಂತ ಮಾರನೇ ಬೆಳಿಗ್ಗೆ ಹೋಗಿ. ಮೇಕೆಯವರು ಸಿಕ್ಕರೆ ಬೀಡಿ ಕೊಟ್ಟು ಮಾತಾಡಿಸಿ.

ಮೂರೂ ತಾಲ್ಲೂಕಿನ ನೆಲ ಒಂದೇ ತರಹದ್ದಲ್ಲ. ಅಜ್ಜಂಪುರ, ಶಿವನಿ ಕಡೆ ಎರೆಭೂಮಿ. ಈರುಳ್ಳಿ, ಹತ್ತಿ ಬೆಳೆದ ನೆಲ ಅದು. ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅಲ್ಲಿ ಕೆಂಪು ಮಣ್ಣಿನ ಲೆಕ್ಕದಲ್ಲಿ ಪಾಯ ಹಾಕಿದ ಮನೆಗಳ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿರುವುದನ್ನು ಊರೊಳಗೆ ಒಂದು ಸುತ್ತು ಹಾಕಿದರೆ ನೋಡಬಹುದು. ಸೈಟು ಅಗ್ಗವಾಗಿ ಸಿಕ್ಕಿತು ಎಂದು ಹಿಗ್ಗಿದವರು ಆ ಉಳಿತಾಯವನ್ನು ಪಾಯದಲ್ಲಿ ಹೂಳಬೇಕಾಗುತ್ತದೆ. ಕಡೂರಿನಲ್ಲಿ ನೆಲದ ತೊಂದರೆಗಿಂತ ನೀರಿನ ತೊಂದರೆ ಹೆಚ್ಚು. ಊರೊಳಗೆ ಭದ್ರಾ ನೀರಿನ ನಲ್ಲಿ ಇರುವ ಬೀದಿಗೂ ಊರ ಹೊರಗೆ ಬೋರ್‌ವೆಲ್ ನಂಬಿದ ಬಡಾವಣೆಗೂ ಅಜಗಜಾಂತರ. ತರೀಕೆರೆಯಲ್ಲಿ ನೆಲವೂ ನೀರೂ ಪರವಾಗಿಲ್ಲ, ಆದರೆ ಬೆಟ್ಟದ ಕಡೆಗೆ ಹೋದಷ್ಟೂ ಕಾಗದ ಕಷ್ಟ. ಲಿಂಗದಹಳ್ಳಿ, ಲಕ್ಕವಳ್ಳಿ ಸುತ್ತ ಕೆಮ್ಮಣ್ಣುಗುಂಡಿ ದಾರಿಯಲ್ಲಿ ಹೋಂಸ್ಟೇ ಮಾಡುತ್ತೇನೆ ಎಂದು ಬರುವವರು ನೋಟ ನೋಡಿಯೇ ಮುಂಗಡ ಕೊಟ್ಟುಬಿಡುತ್ತಾರೆ. ಆ ನೋಟದಲ್ಲಿ ಕಾಣುವ ಹಸಿರೆಲ್ಲ ಯಾರದು ಎಂದು ಮೊದಲು ಕೇಳಬೇಕು. ಭದ್ರಾ ಅಭಯಾರಣ್ಯದ ಅಂಚು, ಮೀಸಲು ಅರಣ್ಯ, ಕಂದಾಯ ಜಮೀನು ಎಲ್ಲವೂ ಅಲ್ಲಿ ಒಂದೇ ಬೇಲಿಯ ಅಕ್ಕಪಕ್ಕದಲ್ಲಿವೆ. ಕಂದಾಯ ಇಲಾಖೆಯ ಪಹಣಿ ಇದೆ ಎಂದ ಮಾತ್ರಕ್ಕೆ ಅರಣ್ಯ ಇಲಾಖೆ ಒಪ್ಪಿದೆ ಎಂದಲ್ಲ.

ಕಾಗದದ ಮಾತಿಗೆ ಬಂದೆ. ಇಲ್ಲಿ ಎಲ್ಲ ಕಾಗದಗಳ ಪಟ್ಟಿ ಕೊಡುವುದಿಲ್ಲ, ಅದನ್ನು ಯಾವ ವಕೀಲರಾದರೂ ಕೊಡುತ್ತಾರೆ. ನಮ್ಮ ಸೀಮೆಯಲ್ಲಿ ಜನ ಎಡವುವ ಮೂರು ಕಲ್ಲುಗಳನ್ನು ಮಾತ್ರ ತೋರಿಸುತ್ತೇನೆ. ಮೊದಲನೆಯದು ಕಾವಲು. ಹಳೇ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳು ಈ ಮೂರು ತಾಲ್ಲೂಕಿನ ತುಂಬ ಇವೆ. ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರವೇ ಇದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲಾಯಿತು. ಕಾವಲಿನ ಅಂಚಿನಲ್ಲಿ ಉತ್ತು ಬಿತ್ತುತ್ತಾ ತಲೆಮಾರು ಕಳೆದವರ ಕಷ್ಟ ಬೇರೆ, ಅದಕ್ಕೆ ನನ್ನ ಸಹಾನುಭೂತಿ ಇದೆ. ಆದರೆ ಹೊಸದಾಗಿ ದುಡ್ಡು ಹಾಕುವವರು ಆ ಜಗಳದೊಳಗೆ ಕಾಲಿಡಬಾರದು. ಊರಿನ ಹೆಸರಿನ ಕೊನೆಗೆ ‘ಕಾವಲು’ ಎಂದಿದ್ದರೆ ಇನ್ನೂ ನಾಲ್ಕು ಹಾಳೆ ಹೆಚ್ಚು ಓದಿ ಎಂದು ಅರ್ಥ.

ಎರಡನೆಯದು ಮಂಜೂರಾದ ಜಮೀನು, ಜನ ‘ಗ್ರಾಂಟ್ ಜಮೀನು’ ಎನ್ನುವುದು. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಊರ್ಜಿತವಲ್ಲ. ಇದು 1978ರ ಪಿಟಿಸಿಎಲ್ ಕಾಯ್ದೆ. ಮಧ್ಯೆ ನಾಲ್ಕು ಕೈ ಬದಲಾಗಿದ್ದರೂ ಮೂಲ ಮಂಜೂರುದಾರರ ಮಕ್ಕಳು ಅರ್ಜಿ ಹಾಕಿ ವಾಪಸು ಪಡೆಯಬಹುದು. ಹೀಗೆ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿತು. ನ್ಯಾಯವಾಗಿ ನೋಡಿದರೆ ಇರಬೇಕಾದ ಕಾಯ್ದೆಯೇ. ಕೊಳ್ಳುವವರು ಹಿಂದಿನ ಪಹಣಿ, ಮ್ಯುಟೇಷನ್ ತೆಗೆಸಿ ಜಮೀನು ಮೊದಲು ಯಾರಿಗೆ, ಯಾವ ಲೆಕ್ಕದಲ್ಲಿ ಬಂತು ಎಂದು ನೋಡದೆ ಹಣ ಕೊಡುವುದು ತಪ್ಪು. ಬಗರ್‌ಹುಕುಂನಲ್ಲಿ ಮಂಜೂರಾಯಿತು ಎನ್ನುವ ಜಮೀನಿಗೂ ಇದೇ ಎಚ್ಚರ ಬೇಕು. 2023ರಲ್ಲಿ ಕಡೂರು, ಮೂಡಿಗೆರೆ ತಾಲ್ಲೂಕುಗಳ ಮಂಜೂರಾತಿ ಕಡತ ಪರಿಶೀಲಿಸಲು ಸರ್ಕಾರ ತಹಶೀಲ್ದಾರರ ತಂಡವನ್ನೇ ಕಳಿಸಬೇಕಾಯಿತು ಎಂದರೆ ಹೇಳುವುದೇನಿದೆ. ಸಾಗುವಳಿ ಚೀಟಿಯ ಜೆರಾಕ್ಸ್ ಕೈಲಿ ಹಿಡಿದು ‘ಎಲ್ಲಾ ಕ್ಲಿಯರ್ ಇದೆ’ ಎನ್ನುವವರ ಜೊತೆ ಕಾಫಿ ಕುಡಿಯಿರಿ, ಮುಂಗಡ ಕೊಡಬೇಡಿ.

ಮೂರನೆಯದು ಹೆಣ್ಣುಮಕ್ಕಳ ಸಹಿ. ನಾನು ಬ್ಯಾಂಕಿನಲ್ಲಿದ್ದಾಗ ಕಂಡ ಒಂದು ಮಾರಾಟದ ಕತೆ ಹೇಳುತ್ತೇನೆ. ಅಣ್ಣತಮ್ಮಂದಿರು ಮೂವರು ಸೇರಿ ಊರೊಳಗಿನ ಪಿತ್ರಾರ್ಜಿತ ಮನೆ ಮಾರಿದರು. ಕೊಂಡವನು ನಿವೃತ್ತಿಯ ದುಡ್ಡೆಲ್ಲ ಸುರಿದಿದ್ದ. ವಂಶವೃಕ್ಷದಲ್ಲಿ ಮೂರು ಹೆಸರಿತ್ತು. ನಾಲ್ಕನೆಯ ಹೆಸರು ಹುಬ್ಬಳ್ಳಿಗೆ ಮದುವೆಯಾಗಿ ಹೋದ ಅಕ್ಕನದು, ಬರೆಸುವಾಗ ‘ಬಿಟ್ಟುಹೋಗಿತ್ತು’. ಗೃಹಪ್ರವೇಶದ ವರ್ಷ ಕಳೆಯುವುದರೊಳಗೆ ಕೋರ್ಟಿನಿಂದ ನೋಟಿಸು ಬಂತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ತಂದೆ ಆ ತಿದ್ದುಪಡಿಗಿಂತ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಉಂಟು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ವಿಭಾಗಪತ್ರ ಇದ್ದರೆ ಮಾತು ಬೇರೆ. ನಮ್ಮ ಕಡೆ ‘ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಾಯ್ತು, ಅವರೇನೂ ಕೇಳಲ್ಲ’ ಎಂಬ ಮಾತು ಧಾರಾಳವಾಗಿ ಕೇಳಿಸುತ್ತದೆ. ಕೇಳುವುದಿಲ್ಲ ಎಂದಾದರೆ ಸಹಿ ಹಾಕಲು ಕಷ್ಟವೇನು? ಅಕ್ಕನನ್ನು ಉಪನೋಂದಣಾಧಿಕಾರಿ ಕಚೇರಿಗೆ ಕರೆಸಿ, ಅವಳ ಪಾಲಿನ ದುಡ್ಡು ಅವಳ ಖಾತೆಗೇ ಹಾಕಿ ಕೊಂಡ ಮನೆಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ.

ಋಣಭಾರ ಪತ್ರ ಅಂದರೆ ಇ.ಸಿ. ನೋಡಿದ್ದೇನೆ, ಏನೂ ಇಲ್ಲ ಎಂದು ನಿಶ್ಚಿಂತೆಯಾಗುವವರು ಬಹಳ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ಬಿಳಿ ಹಾಳೆಯ ಭೋಗ್ಯ ಅದರಲ್ಲಿ ಕಾಣುವುದಿಲ್ಲ. ಆ ಸುದ್ದಿ ಸಿಗುವುದು ಎದುರುಮನೆ ಜಗಲಿಯಲ್ಲಿ. ಇನ್ನು ಪರಿವರ್ತನೆ ಆಗದ ಹೊಲದಲ್ಲಿ ಗುಂಟೆ ಲೆಕ್ಕದಲ್ಲಿ ಮಾರುವ ರೆವಿನ್ಯೂ ಸೈಟು, ಜಿಪಿಎ ಬರೆದುಕೊಟ್ಟು ಮಾರುವ ಸೈಟು ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಿಪಿಎ ಮೇಲೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಪುರಸಭೆಯಾದರೆ ಇ-ಖಾತೆ. ಇವು ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಆಗುತ್ತದೆ ಮಾಡಿಸಿಕೊಡುತ್ತೇವೆ ಎನ್ನುವವರಿಗೆ, ಮೊದಲು ಮಾಡಿಸಿ ಆಮೇಲೆ ಮಾತಾಡೋಣ ಎನ್ನಿ. ಮುಂಗಡವನ್ನು ಚೆಕ್ಕಿನಲ್ಲೇ ಕೊಡಿ. ಆಸ್ತಿ ವ್ಯವಹಾರಕ್ಕೆ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇದನ್ನು ಹೇಳಿದರೆ ಮಾರುವವರು ತಾವಾಗಿಯೇ ಬ್ಯಾಂಕ್ ಪಾಸ್‌ಬುಕ್ ತರುತ್ತಾರೆ.

ಈಗ ಲೆಕ್ಕಕ್ಕೆ ಕೂರೋಣ. ತರೀಕೆರೆಯ ಒಬ್ಬ ಪ್ರೌಢಶಾಲಾ ಶಿಕ್ಷಕ ನನ್ನೆದುರು ಕೂತು ಬರೆದ ಲೆಕ್ಕ ಇದು, ಅಂಕಿ ಅವರವು. ಊರೊಳಗೆ ಎರಡು ಸಂಸಾರ ಇರಬಹುದಾದ ಹಳೇ ಮನೆ, 28 ಲಕ್ಷ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ಶೇ 7.6. ಅಂದರೆ 2 ಲಕ್ಷ 13 ಸಾವಿರ. ಇದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬಾಡಿಗೆ ಒಂದಕ್ಕೆ 6,500, ಇನ್ನೊಂದಕ್ಕೆ 5,000. ವರ್ಷಕ್ಕೆ 1 ಲಕ್ಷ 38 ಸಾವಿರ. ‘ಇಪ್ಪತ್ತು ಲಕ್ಷ ಸಾಲ ಮಾಡ್ತೀನಿ ಸಾರ್, ಬಾಡಿಗೆಯಿಂದ ಕಂತು ಹೋಗುತ್ತೆ’ ಎಂದರು. ಶೇ 8.5ರ ಬಡ್ಡಿಗೆ ಇಪ್ಪತ್ತು ವರ್ಷದ ಕಂತು ತಿಂಗಳಿಗೆ 17 ಸಾವಿರ ದಾಟುತ್ತದೆ. ಬಾಡಿಗೆ 11,500. ಉಳಿದ ಆರು ಸಾವಿರ ಸಂಬಳದಿಂದ ಹೋಗಬೇಕು. ಅದೂ ಎರಡು ಮನೆಯೂ ಹನ್ನೆರಡು ತಿಂಗಳೂ ತುಂಬಿದ್ದರೆ. ವರ್ಷಕ್ಕೆ ಒಂದು ತಿಂಗಳು ಖಾಲಿ, ಕಂದಾಯ, ಮೋಟಾರು ರಿಪೇರಿ, ಹಂಚು ಕೈಯಾಡಿಸುವುದು ಎಂದು ಕಳೆದರೆ ಕೈಗೆ ಉಳಿಯುವುದು 1 ಲಕ್ಷ 10 ಸಾವಿರ. ಹಾಕಿದ ದುಡ್ಡಿಗೆ ಶೇ 4 ಕೂಡ ಬರಲಿಲ್ಲ. ಅದೇ ದುಡ್ಡನ್ನು ಠೇವಣಿ ಇಟ್ಟರೆ ಇದಕ್ಕಿಂತ ಹೆಚ್ಚು ಬಡ್ಡಿ ಬರುತ್ತದೆ.

ಹಾಗಾದರೆ ಮನೆ ಕೊಳ್ಳಲೇಬಾರದೇ ಎಂದು ಅವರ ಮುಖ ಸಪ್ಪಗಾಯಿತು. ಕೊಳ್ಳಬಹುದು. ಬಾಡಿಗೆ ಏರುತ್ತದೆ, ಜಾಗದ ಬೆಲೆಯೂ ಏರಬಹುದು, ಠೇವಣಿಯ ಬಡ್ಡಿಗೆ ಪೂರ್ತಿ ತೆರಿಗೆಯಾದರೆ ಬಾಡಿಗೆಯಲ್ಲಿ ಶೇ 30 ರಿಪೇರಿ ಲೆಕ್ಕಕ್ಕೆಂದು ವಿನಾಯಿತಿ ಸಿಗುತ್ತದೆ. ಆದರೆ ಬೆಲೆ ಏರುವುದು ಆಸೆ, ಕಂತು ಕಟ್ಟುವುದು ಮಾತ್ರ ಪ್ರತಿ ತಿಂಗಳ ಸತ್ಯ. ಸಾಲ ಹತ್ತು ಲಕ್ಷಕ್ಕೆ ಇಳಿಸಿದರೆ ಕಂತು ಬಾಡಿಗೆಯೊಳಗೇ ಕೂರುತ್ತದೆ. ಅವರಿಗೆ ಎರಡು ವರ್ಷ ತಡೆಯಿರಿ ಎಂದೆ. ಖಾಲಿ ಸೈಟಿನ ವಿಷಯದಲ್ಲಿ ಈ ಶೇ 4 ಸಹ ಇಲ್ಲ. ಜಾಲಿ ಬೆಳೆಯುತ್ತದೆ, ಪಕ್ಕದವರು ಮರಳು ಸುರಿಯುತ್ತಾರೆ, ಐದು ವರ್ಷ ಬಿಟ್ಟು ಹೋದರೆ ಅವರ ಕೊಟ್ಟಿಗೆ ಎರಡು ಅಡಿ ಒಳಗೆ ಬಂದಿರುತ್ತದೆ. ‘ಸೈಟು ಬಿದ್ದಿರಲಿ, ಅನ್ನ ಕೇಳುತ್ತಾ?’ ಎನ್ನುವುದು ನಮ್ಮ ಹಿರಿಯರ ಮಾತು. ಕೇಳುತ್ತದೆ, ಸದ್ದಿಲ್ಲದೆ ಕೇಳುತ್ತದೆ.

ಬಾಡಿಗೆಗೆ ಬರುವವರು ಯಾರು ಎಂಬುದನ್ನು ಊರೂರಿಗೆ ಬೇರೆಯಾಗಿ ಕೇಳಿಕೊಳ್ಳಬೇಕು. ಬೀರೂರಿನಲ್ಲಿ ಜಂಕ್ಷನ್ ಇರುವುದರಿಂದ ರೈಲ್ವೆಯವರು ಬಂದು ಹೋಗುತ್ತಲೇ ಇರುತ್ತಾರೆ. ಕಡೂರಿನಲ್ಲಿ ಪೊಲೀಸ್ ತರಬೇತಿ ಶಾಲೆ, ಕೋರ್ಟು, ಕಾಲೇಜುಗಳಿವೆ. 2013ರಲ್ಲಿ ಚಿಕ್ಕಮಗಳೂರಿಗೆ ರೈಲು ಶುರುವಾದ ಮೇಲೆ ಅಲ್ಲಿಂದಲೇ ಓಡಾಡುವವರೂ ಇದ್ದಾರೆ. ಸರ್ಕಾರಿ ನೌಕರರು ಒಳ್ಳೆಯ ಬಾಡಿಗೆದಾರರು, ಸಂಬಳ ತಪ್ಪುವುದಿಲ್ಲ. ಆದರೆ ಜೂನ್‌ನಲ್ಲಿ ವರ್ಗಾವಣೆ ಬಂದರೆ ಇಡೀ ಬೀದಿಯಲ್ಲಿ ಮನೆ ಖಾಲಿಯಾಗುತ್ತದೆ. ಅಜ್ಜಂಪುರದ ಕತೆ ಬೇರೆ. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಕೊರೆಯುವ ಕಾಲಕ್ಕೆ ಹೊರಗಿನ ಇಂಜಿನಿಯರುಗಳು, ಯಂತ್ರ ನಡೆಸುವವರು ಬಂದು ಕೇಳಿದಷ್ಟು ಬಾಡಿಗೆ ಕೊಟ್ಟರು ಎಂದು ಅಲ್ಲಿನ ನನ್ನ ಸ್ನೇಹಿತರೊಬ್ಬರು ಸಾಲ ಮಾಡಿ ಮಾಳಿಗೆ ಮೇಲೆ ನಾಲ್ಕು ಕೋಣೆ ಎಬ್ಬಿಸಿದರು. ಸುರಂಗ ಮುಗಿಯಿತು. ಯಂತ್ರ ಲಾರಿ ಹತ್ತಿತು, ಜೊತೆಗೆ ಬಾಡಿಗೆದಾರರೂ ಹತ್ತಿದರು. ಆ ಕೋಣೆಗಳಲ್ಲಿ ಈಗ ಈರುಳ್ಳಿ ಹರವಿದ್ದಾರೆ. ಕಾಮಗಾರಿ ನಂಬಿ ಕಟ್ಟುವುದಕ್ಕಿಂತ ಕಚೇರಿ, ಶಾಲೆ, ಆಸ್ಪತ್ರೆ ನಂಬಿ ಕಟ್ಟುವುದು ವಾಸಿ. ಹೆದ್ದಾರಿ ನಂಬುವವರಿಗೂ ಇದೇ ಮಾತು. ತುಮಕೂರು–ಶಿವಮೊಗ್ಗ ರಸ್ತೆ ಚತುಷ್ಪಥವಾಗುತ್ತಾ ಊರುಗಳಿಗೆ ಬೈಪಾಸ್ ಬಂದಾಗ, ಹಳೇ ಬಿ.ಎಚ್. ರಸ್ತೆಯಲ್ಲಿ ಲಾರಿಯವರ ಊಟದಿಂದ ಬದುಕುತ್ತಿದ್ದ ಮಳಿಗೆಗಳ ವ್ಯಾಪಾರ ಏನಾಯಿತು ಎಂದು ಆ ಹೋಟೆಲಿನವರನ್ನೇ ಕೇಳಿ. ಊರಿನ ಜನರೇ ಗಿರಾಕಿಗಳಾದ ಔಷಧಿ ಅಂಗಡಿ, ದಿನಸಿ ಅಂಗಡಿಯ ಮಳಿಗೆಗೆ ಬೈಪಾಸಿನ ಭಯವಿಲ್ಲ.

ಭೋಗ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಹೊಸ ಮನೆಮಾಲೀಕರು ಬೀಳುವ ಗುಂಡಿ ಇದೇ. ಮೂರು ವರ್ಷಕ್ಕೆ ನಾಲ್ಕು ಲಕ್ಷ ಒಟ್ಟಿಗೆ ಬರುತ್ತದೆ, ತಿಂಗಳ ಬಾಡಿಗೆಯ ಕಿರಿಕಿರಿ ಇಲ್ಲ, ಅವಧಿ ಮುಗಿದಾಗ ದುಡ್ಡು ವಾಪಸು. ಕೇಳಲು ಸುಖವಾಗಿದೆ. ಆ ನಾಲ್ಕು ಲಕ್ಷ ಮಗಳ ಮದುವೆಗೋ ಬೋರ್‌ವೆಲ್ಲಿಗೋ ಹೋಗುತ್ತದೆ. ಮೂರು ವರ್ಷದ ನಂತರ ಹಳಬರಿಗೆ ಕೊಡಲು ಹೊಸಬರಿಂದ ಐದು ಲಕ್ಷ ಭೋಗ್ಯ ತೆಗೆಯಬೇಕು. ಹೊಸಬರು ಸಿಗುವವರೆಗೆ ಹಳಬರು ಏಳುವುದಿಲ್ಲ, ಏಳಬೇಕಾಗಿಯೂ ಇಲ್ಲ. ಮನೆ ನಿಮ್ಮದು, ಆದರೆ ಬೀಗದ ಕೈ ಸಾಲದ ಹತ್ತಿರ. ಕಾನೂನಿನ ಲೆಕ್ಕದಲ್ಲಿ ಭೋಗ್ಯ ಅಂದರೆ ಸ್ವಾಧೀನ ಸಹಿತ ಅಡಮಾನ, ನೋಂದಣಿ ಮಾಡಿಸಲೇಬೇಕು. ಮುದ್ರಾಂಕ ಶುಲ್ಕ ಉಳಿಸಲು ಬಿಳಿ ಹಾಳೆಯಲ್ಲಿ ಬರೆದುಕೊಳ್ಳುವುದು ರೂಢಿ, ತಕರಾರು ಬಂದ ದಿನ ಇಬ್ಬರಿಗೂ ಅದು ಉಪಯೋಗಕ್ಕೆ ಬರುವುದಿಲ್ಲ. ಅಡಿಕೆ ತೋಟವನ್ನು ಚೇಣಿ ಕೊಟ್ಟು ಅಭ್ಯಾಸವಿರುವ ನಮ್ಮವರಿಗೆ ಒಂದೇ ಸಲ ದುಡ್ಡು ಎಣಿಸಿಕೊಳ್ಳುವ ಗೀಳು ಬಿಡುವುದು ಕಷ್ಟ. ಆದರೆ ಚೇಣಿಯ ದುಡ್ಡನ್ನು ಯಾರೂ ವಾಪಸು ಕೇಳುವುದಿಲ್ಲ.

ತಿಂಗಳ ಬಾಡಿಗೆಯೇ ಲೇಸು. ಹನ್ನೊಂದು ತಿಂಗಳ ಕರಾರು ಬರೆಯುವ ಪದ್ಧತಿ ಬಂದದ್ದು ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೆ. ಬರೆಯುವಾಗ ಟೈಪಿನವರ ಹಳೇ ನಮೂನೆಗೆ ಹೆಸರು ತುಂಬಿ ತರಬೇಡಿ. ಮನೆಯಲ್ಲಿ ಏನೇನಿದೆ ಎಂದು ಬರೆಯಿರಿ: ಎಷ್ಟು ಫ್ಯಾನು, ಯಾವ ಕಿಟಕಿಯ ಗಾಜು ಒಡೆದಿದೆ, ಮೀಟರಿನಲ್ಲಿ ಅಂದು ಎಷ್ಟು ಯೂನಿಟ್ಟಿತ್ತು. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ ಮುಂಗಡದಲ್ಲಿ ಎಷ್ಟು ಹಿಡಿಯುತ್ತೀರಿ ಎಂಬುದನ್ನು ಅಂಕಿಯಲ್ಲೇ ಬರೆಯಿರಿ. ಆಧಾರ್ ಪ್ರತಿ ಇಟ್ಟುಕೊಳ್ಳಿ. ಮೆಸ್ಕಾಂ ಮೀಟರು ಮನೆಗೊಂದು ಬೇರೆ ಇರಲಿ. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಬಾಡಿಗೆಗೆ ಬರುವವರ ಮೊದಲ ಐದು ಪ್ರಶ್ನೆಗಳಲ್ಲಿ ಇದೂ ಸೇರಿದೆ. ಎರಡು ಸಂಸಾರಕ್ಕೆ ಒಂದೇ ಮೀಟರಾದರೆ ಇಬ್ಬರ ಯೂನಿಟ್ಟೂ ಸೇರಿ ಉಚಿತ ವಿದ್ಯುತ್ತಿನ ಮಿತಿ ದಾಟುತ್ತದೆ, ಬಿಲ್ಲಿನ ಜಗಳ ನಿಮ್ಮ ಬಾಗಿಲಿಗೆ ಬರುತ್ತದೆ. ಹಿಂದಿನವರು ಖಾಲಿ ಮಾಡಿದಾಗ ಆ ಆರ್‌.ಆರ್. ನಂಬರಿನಿಂದ ಅವರ ಆಧಾರ್ ಬಿಡಿಸಿ ಹೋಗುವಂತೆ ನೋಡಿಕೊಳ್ಳಿ. ಜಾತಿ ಕೇಳಿ ಮನೆ ಕೊಡುವವರು ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ. ಅವರ ಮನೆಗಳು ತಿಂಗಳುಗಟ್ಟಲೆ ಖಾಲಿ ಬಿದ್ದಿರುವುದನ್ನು ನೋಡಿ ನನಗೆ ಮರುಕವೇನೂ ಆಗುವುದಿಲ್ಲ.

ರಿಪೇರಿಯ ವಿಷಯದಲ್ಲಿ ನಾನು ಪಾಲಿಸುವ ಒಂದು ಕ್ರಮವಿದೆ. ಬಾಡಿಗೆಯಲ್ಲಿ ಹತ್ತರಲ್ಲೊಂದು ಪಾಲು ಬೇರೆ ಖಾತೆಗೆ ಹೋಗುತ್ತದೆ, ಅದನ್ನು ಮನೆಖರ್ಚಿಗೆ ಮುಟ್ಟುವುದಿಲ್ಲ. ಮೋಟಾರು ಸುಟ್ಟ ದಿನ ಬಾಡಿಗೆಯವರು ಫೋನ್ ಮಾಡಿದರೆ ಅಂದೇ ಸಂಜೆ ಹೋಗುತ್ತೇನೆ. ಒಂದು ಕೊಡ ನೀರಿಗೆ ಪಕ್ಕದ ಮನೆಗೆ ಹೋಗಿ ನಿಂತವರು ಮುಂದಿನ ತಿಂಗಳು ಬೇರೆ ಮನೆ ನೋಡುತ್ತಾರೆ. ಒಂದು ತಿಂಗಳು ಖಾಲಿ ಬಿದ್ದರೆ ಹೋಗುವ ಬಾಡಿಗೆ ಮೋಟಾರು ರೀವೈಂಡಿಂಗಿಗಿಂತ ಜಾಸ್ತಿ. ವರ್ಷಕ್ಕೆ ಶೇ 5 ಏರಿಸುತ್ತೇನೆ, ಆದರೆ ಚೆನ್ನಾಗಿ ಇಟ್ಟುಕೊಂಡವರಿಗೆ ಒಂದು ವರ್ಷ ಬಿಟ್ಟು ಏರಿಸಿದ್ದೂ ಉಂಟು.

ಬೀರೂರಿನ ಆ ಸಂಸಾರ ನನ್ನ ಮನೆಯಲ್ಲಿ ಆರು ವರ್ಷ ಇತ್ತು. ವರ್ಗವಾಗಿ ಅರಸೀಕೆರೆಗೆ ಹೊರಟ ದಿನ ಸಾಮಾನು ಲಾರಿಗೆ ಏರಿಸಿ ಆದಮೇಲೆ ಆಕೆ ಬೀಗದ ಕೈ ಕೊಡಲು ಬಂದಳು. ಅಷ್ಟು ಹೊತ್ತಿಗೆ ಮನೆ ನೋಡಲು ಇನ್ನೊಬ್ಬರು ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಆ ಹೊಸ ಹೆಣ್ಣುಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ‘ಮಂಗಳವಾರ, ಶುಕ್ರವಾರ ಬೆಳಗಿನ ಜಾವ ಬಿಡ್ತಾರೆ. ಕಲ್ಲು ಮಾತ್ರ ಸ್ವಲ್ಪ ಅಲ್ಲಾಡುತ್ತೆ, ಹೇಳಿದ್ರೆ ಅಣ್ಣ ಕೂರಿಸಿಕೊಡ್ತಾರೆ’ ಎನ್ನುತ್ತಿದ್ದಳು.